ರೂಪ ಬದಲಾದಾಗ ವಿಷವೂ ಬದಲಾಗುತ್ತದೆ: ಆರ್ಸೆನಿಕ್, ಕಿಣ್ವಗಳು ಮತ್ತು ಸೂಕ್ಷ್ಮಜೀವಿಗಳು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಆರ್ಸೆನಿಕ್ ಎಷ್ಟು ವಿಷಕಾರಿ ಎಂದು ಯಾರಾದರೂ ಕೇಳಿದರೆ, ಯಾವ ಆರ್ಸೆನಿಕ್ ಎಂಬ ಮರುಪ್ರಶ್ನೆ ಹಾಕದೆ ಉತ್ತರಿಸಲು ಬರುವುದಿಲ್ಲ. ಪಾಷಾಣವೆಂದು ಹಿಂದಿನಿಂದಲೂ ಹೆಸರಾದ ಆರ್ಸೆನಿಕ್ ಟ್ರೈಆಕ್ಸೈಡ್ ಚಿಟಿಕೆಯಷ್ಟು ಹೊಟ್ಟೆಗೆ ಹೋದರೂ ಪ್ರಾಣ ತೆಗೆಯಬಲ್ಲದು. ಸಮುದ್ರದ ಸೀಗಡಿ, ಏಡಿಗಳ ಮೈಯಲ್ಲಿರುವ ಆರ್ಸೆನೊಬೀಟೇನ್ ಎಂಬ ಸಂಯುಕ್ತದಲ್ಲಿ ಇರುವುದೂ ಅದೇ ಧಾತು. ಆದರೆ ಅದು ಮನುಷ್ಯನ ದೇಹವನ್ನು ಹೊಕ್ಕು, ಯಾರಿಗೂ ತೊಂದರೆ ಕೊಡದೆ, ಹೆಚ್ಚುಕಡಿಮೆ ಹಾಗೆಯೇ ಮೂತ್ರದಲ್ಲಿ ಹೊರಬೀಳುತ್ತದೆ. ಎರಡರಲ್ಲೂ ಪರಮಾಣುವಿನ ಬೀಜಕೇಂದ್ರ ಒಂದೇ. ಬೇರೆಯಾಗಿರುವುದು ಆ ಪರಮಾಣು ಯಾವುದರ ಜೊತೆ ಬಂಧ ಬೆಳೆಸಿದೆ, ಎಷ್ಟು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟಿದೆ ಎಂಬುದು ಮಾತ್ರ.

ಜೀವಕೋಶದ ಕಡೆಯಿಂದ ನೋಡಿದರೆ ಇಲ್ಲೊಂದು ಇಕ್ಕಟ್ಟಿದೆ. ಸಾವಯವ ವಿಷವೊಂದು ಒಳಗೆ ಬಂದರೆ ಅದನ್ನು ತುಂಡರಿಸಿ, ಸುಟ್ಟು, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸಿ ಮುಗಿಸಿಬಿಡಬಹುದು. ಧಾತುವನ್ನು ಹಾಗೆ ಮುಗಿಸಲಾಗದು. ಅದನ್ನು ಹೊರಗೆ ದೂಡಬಹುದು, ಒಂದು ಮೂಲೆಯಲ್ಲಿ ಕಟ್ಟಿಹಾಕಬಹುದು, ಇಲ್ಲವೇ ಅದರ ರೂಪವನ್ನು ಬದಲಿಸಬಹುದು. ಆರ್ಸೆನಿಕ್ಕಿನ ಜೊತೆ ಜೀವಿಗಳು ನಡೆಸಿರುವ ದೀರ್ಘ ವ್ಯವಹಾರವೆಲ್ಲ ಈ ಮೂರರಲ್ಲೇ ಅಡಗಿದೆ, ಮತ್ತು ಒಂದು ಕೋಶಕ್ಕೆ ಪರಿಹಾರವೆನಿಸಿದ ರೂಪ ಇನ್ನೊಂದು ಕೋಶಕ್ಕೆ ಅಪಾಯವಾಗುವುದು ಈ ವ್ಯವಹಾರದಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ.

ಪ್ರಕೃತಿಯ ನೀರು ಮತ್ತು ಮಣ್ಣಿನಲ್ಲಿ ಮುಖ್ಯವಾಗಿ ಎರಡು ರೂಪಗಳಿವೆ. ಐದು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ ಆರ್ಸೆನಿಕ್, ಆಮ್ಲಜನಕದೊಂದಿಗೆ ಸೇರಿ ಆರ್ಸೆನೇಟ್ ಆಗುತ್ತದೆ. ಮೂರನ್ನು ಬಿಟ್ಟುಕೊಟ್ಟದ್ದು ಆರ್ಸೆನೈಟ್. ಗಾಳಿಯಾಡುವ ಜಾಗಗಳಲ್ಲಿ ಮೊದಲನೆಯದು, ಆಮ್ಲಜನಕವಿಲ್ಲದ ಕೆಸರು ಮತ್ತು ಆಳದ ಅಂತರ್ಜಲದಲ್ಲಿ ಎರಡನೆಯದು ಹೆಚ್ಚು. ಆವರ್ತಕ ಕೋಷ್ಟಕದಲ್ಲಿ ಆರ್ಸೆನಿಕ್ಕಿನ ಪರಮಾಣು ಸಂಖ್ಯೆ 33. ಅದರ ನೇರ ಮೇಲಿನ ಮನೆಯಲ್ಲಿ ರಂಜಕ ಕೂತಿದೆ. ಈ ನೆರೆಹೊರೆಯೇ ಆರ್ಸೆನೇಟಿನ ವಿಷತ್ವಕ್ಕೆ ಮೂಲ. ಆಕಾರದಲ್ಲಿ, ವಿದ್ಯುದಾವೇಶದಲ್ಲಿ, ಆಮ್ಲೀಯ ಗುಣದಲ್ಲಿ ಅದು ಫಾಸ್ಫೇಟನ್ನು ಬಹುತೇಕ ಹೋಲುತ್ತದೆ. ಗಾತ್ರದಲ್ಲಿ ಮಾತ್ರ ಕೊಂಚ ದೊಡ್ಡದು. ಆರ್ಸೆನೈಟಿಗೆ ಈ ಹೋಲಿಕೆಯಿಲ್ಲ. ಸಾಮಾನ್ಯ ನೀರಿನಲ್ಲಿ ಅದಕ್ಕೆ ಆವೇಶವೇ ಇರುವುದಿಲ್ಲ. ಮೂರು ಹೈಡ್ರಾಕ್ಸಿಲ್ ಗುಂಪುಗಳನ್ನು ಹೊತ್ತ ತಟಸ್ಥ ಅಣುವಾಗಿ ಅದು ಅಲೆದಾಡುತ್ತಿರುತ್ತದೆ.

ಹಾಗಾಗಿ ಎರಡೂ ಕೋಶದೊಳಕ್ಕೆ ಬರುವ ದಾರಿಗಳು ಬೇರೆ ಬೇರೆ. ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾಗೆ ಫಾಸ್ಫೇಟ್ ಒಳತರುವ ಎರಡು ವ್ಯವಸ್ಥೆಗಳಿವೆ. ಪಿಟ್ ಎಂಬುದು ಫಾಸ್ಫೇಟಿಗೂ ಆರ್ಸೆನೇಟಿಗೂ ಅಷ್ಟಾಗಿ ಭೇದವೆಣಿಸುವುದಿಲ್ಲ. ಪಿಎಸ್‌ಟಿ ಎಂಬುದು ಆರಿಸಿ ತೆಗೆದುಕೊಳ್ಳುತ್ತದೆ. ಆರ್ಸೆನೇಟ್ ತುಂಬಿದ ಮಾಧ್ಯಮದಲ್ಲಿ ಬದುಕುಳಿದ ಇ. ಕೋಲಿ ತಳಿಗಳಲ್ಲಿ ಪಿಟ್ ಹಾಳಾಗಿರುವುದು ಕಂಡುಬಂದಾಗ ಈ ಸಂಗತಿ ಸ್ಪಷ್ಟವಾಯಿತು. ತಟಸ್ಥ ಆರ್ಸೆನೈಟಾದರೋ ಗ್ಲಿಸರಾಲ್ ಸಾಗಿಸಲೆಂದು ಇರುವ ಅಕ್ವಾಗ್ಲಿಸರೋಪೋರಿನ್ ಎಂಬ ಕಾಲುವೆಗಳಲ್ಲಿ ನುಸುಳುತ್ತದೆ. ಬ್ಯಾಕ್ಟೀರಿಯಾದಿಂದ ಯೀಸ್ಟಿನವರೆಗೆ, ಅಲ್ಲಿಂದ ಮನುಷ್ಯನ ಯಕೃತ್ತಿನ ಕೋಶಗಳವರೆಗೆ ಇದೇ ಕುಟುಂಬದ ಪ್ರೋಟೀನುಗಳು ಈ ಅತಿಥಿಯನ್ನು ತಿಳಿಯದೆಯೇ ಒಳಗೆ ಬಿಟ್ಟುಕೊಳ್ಳುತ್ತವೆ.

ಒಳಬಂದ ಆರ್ಸೆನೇಟ್ ಮಾಡುವ ಅನಾಹುತವನ್ನು ಒಂದೇ ಒಂದು ಹಂತದಲ್ಲಿ ಹತ್ತಿರದಿಂದ ನೋಡೋಣ. ಗ್ಲೂಕೋಸನ್ನು ಒಡೆದು ಶಕ್ತಿ ಪಡೆಯುವ ಗ್ಲೈಕೋಲಿಸಿಸ್ ಹಾದಿಯ ನಡುವೆ, ಗ್ಲಿಸರಾಲ್ಡಿಹೈಡ್-3-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಉದ್ದ ಹೆಸರಿನ ಕಿಣ್ವವು ಮೂರು ಇಂಗಾಲಗಳ ಸಕ್ಕರೆಯ ತುಣುಕಿಗೆ ಒಂದು ಫಾಸ್ಫೇಟನ್ನು ಜೋಡಿಸುತ್ತದೆ. ಆ ಬಂಧದಲ್ಲಿ ಶಕ್ತಿ ಕೂಡಿಟ್ಟಿರುತ್ತದೆ. ಮುಂದಿನ ಕಿಣ್ವವು ಆ ಫಾಸ್ಫೇಟನ್ನು ಎಡಿಪಿ ಎಂಬ ಅಣುವಿಗೆ ದಾಟಿಸಿ, ಕೋಶವು ಶಕ್ತಿಗಾಗಿ ಖರ್ಚುಮಾಡುವ ಎಟಿಪಿಯನ್ನು ತಯಾರಿಸುತ್ತದೆ. ಫಾಸ್ಫೇಟಿನ ಜಾಗದಲ್ಲಿ ಆರ್ಸೆನೇಟ್ ಬಂದು ನಿಂತರೆ ಮೊದಲ ಕಿಣ್ವಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ಅದನ್ನೂ ಜೋಡಿಸಿಬಿಡುತ್ತದೆ. ಆದರೆ ಆರ್ಸೆನಿಕ್ಕಿನ ಈ ಬಂಧಕ್ಕೆ ನೀರಿನಲ್ಲಿ ಬಾಳಿಕೆಯಿಲ್ಲ. ಮುಂದಿನ ಕಿಣ್ವ ಕೈಹಾಕುವ ಮುನ್ನವೇ ಅದು ತಾನಾಗಿ ಕಳಚಿಕೊಳ್ಳುತ್ತದೆ. ಹಾದಿ ನಿಲ್ಲುವುದಿಲ್ಲ, ಸಕ್ಕರೆ ಉರಿಯುತ್ತಲೇ ಇರುತ್ತದೆ, ಆದರೆ ಈ ಹಂತದ ಎಟಿಪಿ ಹುಟ್ಟುವುದೇ ಇಲ್ಲ. ಗ್ಲೈಕೋಲಿಸಿಸ್ಸಿನ ಒಟ್ಟು ನಿವ್ವಳ ಗಳಿಕೆ ಒಂದು ಗ್ಲೂಕೋಸಿಗೆ ಎರಡೇ ಎಟಿಪಿ ಆಗಿರುವುದರಿಂದ, ಗ್ಲೂಕೋಸಿನ ಎರಡು ತುಣುಕುಗಳಿಂದ ಈ ಹಂತದಲ್ಲಿ ಬರಬೇಕಾದ ಎರಡು ತಪ್ಪಿದರೆ ಉಳಿಯುವುದು ಸೊನ್ನೆ. ಮೈಟೊಕಾಂಡ್ರಿಯಾದಲ್ಲಿ ಎಟಿಪಿ ತಯಾರಿಸುವ ಯಂತ್ರವೂ ಇದೇ ಬಗೆಯಲ್ಲಿ ಮೋಸಹೋಗುತ್ತದೆ. ಖೋಟಾ ನಾಣ್ಯವನ್ನು ಅಂಗಡಿಯವನು ತೆಗೆದುಕೊಂಡು ಗಲ್ಲಾಪೆಟ್ಟಿಗೆಗೂ ಹಾಕಿಕೊಂಡು, ಸಂಜೆ ಲೆಕ್ಕ ಮಾಡುವಾಗ ಅದು ಕರಗಿಹೋಗಿರುವುದನ್ನು ಕಂಡ ಹಾಗೆ.

ಬಂಧದ ಈ ಅಲ್ಪಾಯುಷ್ಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ 2010ರ ಡಿಸೆಂಬರಿನಲ್ಲಿ ಎದ್ದ ಗದ್ದಲ ಚೆನ್ನಾಗಿ ಅರ್ಥವಾಗುತ್ತದೆ. ಕ್ಯಾಲಿಫೋರ್ನಿಯಾದ ಮೋನೋ ಸರೋವರದಿಂದ ತೆಗೆದ ಜಿಎಫ್‌ಎಜೆ-1 ಎಂಬ ಬ್ಯಾಕ್ಟೀರಿಯಾ ತನ್ನ ಡಿಎನ್ಎಯಲ್ಲಿ ರಂಜಕದ ಬದಲು ಆರ್ಸೆನಿಕ್ಕನ್ನು ಬಳಸಬಲ್ಲದು ಎಂದು ಫೆಲಿಸಾ ವುಲ್ಫ್-ಸೈಮನ್ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ರಸಾಯನ ವಿಜ್ಞಾನಿಗಳು ಕೂಡಲೇ ಹುಬ್ಬೇರಿಸಿದರು. ಡಿಎನ್ಎಯ ಫಾಸ್ಫೇಟ್ ಬಂಧವೊಂದು ನೀರಿನಲ್ಲಿ ತಾನಾಗಿ ಮುರಿಯಲು ಕೋಟಿಗಟ್ಟಲೆ ವರ್ಷ ಬೇಕು. ಅದೇ ಜಾಗದಲ್ಲಿ ಆರ್ಸೆನೇಟ್ ಬಂಧವಿದ್ದರೆ ಅದರ ಅರ್ಧಾಯುಷ್ಯ ಸೆಕೆಂಡಿನ ಒಂದು ಸಣ್ಣ ಭಾಗ ಎಂಬ ಅಂದಾಜು ಮರುವರ್ಷವೇ ಬಂತು. 2012ರಲ್ಲಿ ರೋಸಿ ರೆಡ್‌ಫೀಲ್ಡ್ ಅವರಿದ್ದ ತಂಡವೂ ಸ್ವಿಟ್ಜರ್‌ಲೆಂಡಿನ ಇನ್ನೊಂದು ತಂಡವೂ ಬೇರೆ ಬೇರೆಯಾಗಿ ಪ್ರಯೋಗ ನಡೆಸಿ, ಆ ಬ್ಯಾಕ್ಟೀರಿಯಾ ಬದುಕಲು ಫಾಸ್ಫೇಟ್ ಬೇಕೇ ಬೇಕೆಂದು ತೋರಿಸಿದವು. ಮೂಲ ಪ್ರಬಂಧವನ್ನು ಸೈನ್ಸ್ ಪತ್ರಿಕೆ 2025ರಲ್ಲಿ ಹಿಂತೆಗೆದುಕೊಂಡಿತು. ಆದರೆ ನನ್ನ ಮಟ್ಟಿಗೆ ಇಡೀ ಪ್ರಕರಣದ ನಿಜವಾದ ಫಲ ಬೇರೆಯದು. ಮೂಲ ಪ್ರಯೋಗದ ಮಾಧ್ಯಮದಲ್ಲಿ ಆರ್ಸೆನೇಟ್ ಫಾಸ್ಫೇಟಿಗಿಂತ 10,000 ಪಟ್ಟಿಗೂ ಹೆಚ್ಚಿತ್ತು. ಅಲ್ಲಿ ಆ ಜೀವಿ ಬದುಕಿದ್ದಾದರೂ ಹೇಗೆ? ಅದರ ಫಾಸ್ಫೇಟ್ ಹಿಡಿಯುವ ಪ್ರೋಟೀನುಗಳಲ್ಲೊಂದು ಫಾಸ್ಫೇಟನ್ನು ಆರ್ಸೆನೇಟಿಗಿಂತ ಸುಮಾರು 4,500 ಪಟ್ಟು ಹೆಚ್ಚಾಗಿ ಆರಿಸಿಕೊಳ್ಳುತ್ತದೆ ಎಂದು 2012ರಲ್ಲೇ ತಿಳಿಯಿತು. ಆ ಪ್ರೋಟೀನಿನ ಹಿಡಿತದೊಳಗೆ ಒಂದು ಅತಿ ಗಿಡ್ಡ ಹೈಡ್ರೋಜನ್ ಬಂಧವಿದೆ. ಫಾಸ್ಫೇಟ್ ಕೂತಾಗ ಅದರ ಕೋನ ಸರಿಯಾಗಿ ಹೊಂದುತ್ತದೆ, ಕೂದಲೆಳೆಯಷ್ಟು ದೊಡ್ಡದಾದ ಆರ್ಸೆನೇಟ್ ಕೂತರೆ ಕೋನ ಸೊಟ್ಟಗಾಗುತ್ತದೆ. ಆರ್ಸೆನಿಕ್ಕನ್ನು ಒಪ್ಪಿಕೊಂಡ ಜೀವಿಯೆಂದು ಸುದ್ದಿಯಾದದ್ದು, ವಾಸ್ತವದಲ್ಲಿ ಅದನ್ನು ಎಲ್ಲರಿಗಿಂತ ನಾಜೂಕಾಗಿ ನಿರಾಕರಿಸಲು ಕಲಿತ ಜೀವಿಯಾಗಿತ್ತು.

ಆರ್ಸೆನೈಟ್ ಕೆಲಸ ಮಾಡುವ ರೀತಿಯೇ ಬೇರೆ. ಅದು ಯಾರ ವೇಷವನ್ನೂ ಹಾಕುವುದಿಲ್ಲ. ಗಂಧಕಕ್ಕೆ ನೇರವಾಗಿ ಅಂಟಿಕೊಳ್ಳುತ್ತದೆ. ಪ್ರೋಟೀನುಗಳಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲದ ತುದಿಯಲ್ಲಿ ಗಂಧಕ-ಜಲಜನಕದ ಥಯಾಲ್ ಗುಂಪಿದೆ. ಎರಡು ಅಥವಾ ಮೂರು ಥಯಾಲ್‌ಗಳು ಅಕ್ಕಪಕ್ಕದಲ್ಲಿದ್ದರೆ ಆರ್ಸೆನೈಟ್ ಅವನ್ನು ಒಟ್ಟಿಗೆ ಹಿಡಿದು ಬಿಗಿಯಾದ ಉಂಗುರ ಕಟ್ಟುತ್ತದೆ. ಪೈರುವೇಟ್ ಡಿಹೈಡ್ರೋಜಿನೇಸ್ ಕಿಣ್ವ ಸಂಕೀರ್ಣದ ಲಿಪೋಯಿಕ್ ಆಮ್ಲಕ್ಕೆ ಇಂಥ ಜೋಡಿ ಗಂಧಕವಿದೆ. ಅದು ಕಟ್ಟಿಹೋದರೆ ಸಕ್ಕರೆಯಿಂದ ಬಂದ ಪೈರುವೇಟ್ ಮುಂದಿನ ಚಕ್ರಕ್ಕೆ ಹೋಗಲಾರದೆ ನಿಲ್ಲುತ್ತದೆ. ಆಕ್ಸ್‌ಫರ್ಡಿನಲ್ಲಿ ರುಡಾಲ್ಫ್ ಪೀಟರ್ಸ್ ಅವರ ತಂಡ ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೂಯಿಸೈಟ್ ಎಂಬ ಆರ್ಸೆನಿಕ್‌ಯುಕ್ತ ಯುದ್ಧವಿಷಕ್ಕೆ ಮದ್ದು ಹುಡುಕುತ್ತ ಈ ತರ್ಕವನ್ನೇ ಹಿಡಿಯಿತು. ಎರಡು ಥಯಾಲ್‌ಗಳನ್ನು ಪಕ್ಕಪಕ್ಕದಲ್ಲೇ ಹೊತ್ತ ಚಿಕ್ಕ ಅಣುವೊಂದನ್ನು ಕೊಟ್ಟರೆ ಆರ್ಸೆನಿಕ್ ಪ್ರೋಟೀನನ್ನು ಬಿಟ್ಟು ಅದನ್ನು ಹಿಡಿಯಬೇಕು. ಹಾಗೆ ಹುಟ್ಟಿದ್ದು ಡೈಮರ್ಕಪ್ರಾಲ್. 1945ರಲ್ಲಿ ಇದು ಬಹಿರಂಗವಾಗಿ ಪ್ರಕಟವಾಯಿತು. ಲಿಪೋಯಿಕ್ ಆಮ್ಲವನ್ನು ಶುದ್ಧ ಹರಳಾಗಿ ಬೇರ್ಪಡಿಸಿದ್ದು 1951ರಲ್ಲಿ. ಗಾಯ ಎಲ್ಲಿದೆ ಎಂಬುದು ಹೆಸರಿನಿಂದ ತಿಳಿಯುವ ಮೊದಲೇ ಅದಕ್ಕೆ ಒಪ್ಪುವ ಮದ್ದು ಸಿದ್ಧವಾಗಿತ್ತು ಎಂಬುದು ಜೀವರಸಾಯನದ ಇತಿಹಾಸದಲ್ಲಿ ನನಗೆ ಬಹಳ ಪ್ರಿಯವಾದ ಸಂಗತಿ.

ಇದೇ ಗಂಧಕದ ಒಲವನ್ನು ವೈದ್ಯರು ತಮ್ಮ ಕಡೆಗೂ ತಿರುಗಿಸಿಕೊಂಡಿದ್ದಾರೆ. ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಎರಡು ಪ್ರೋಟೀನುಗಳು ತಪ್ಪಾಗಿ ಬೆಸೆದುಕೊಂಡಿರುತ್ತವೆ. ಚೀನಾದ ಹಾರ್ಬಿನ್ ನಗರದಲ್ಲಿ 1970ರ ದಶಕದಲ್ಲಿ ಆರಂಭವಾದ ಚಿಕಿತ್ಸೆಯ ಮುಂದುವರಿಕೆಯಾಗಿ, ಆರ್ಸೆನಿಕ್ ಟ್ರೈಆಕ್ಸೈಡಿಗೆ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ 2000ದಲ್ಲಿ ದೊರೆಯಿತು. ಆರ್ಸೆನಿಕ್ ಆ ಬೆಸುಗೆ ಪ್ರೋಟೀನಿನ ಸತು-ಬೆರಳುಗಳೆಂಬ ಭಾಗದ ಸಿಸ್ಟೀನ್‌ಗಳಿಗೆ ನೇರವಾಗಿ ಅಂಟಿ, ಅದನ್ನು ಕೋಶದ ವಿಲೇವಾರಿ ವ್ಯವಸ್ಥೆಗೆ ಒಪ್ಪಿಸುತ್ತದೆ ಎಂದು 2010ರಲ್ಲಿ ಖಚಿತವಾಯಿತು.

ಈಗ ಬ್ಯಾಕ್ಟೀರಿಯಾಗಳ ಉತ್ತರಕ್ಕೆ ಬರೋಣ. ಬಹುಪಾಲು ಬ್ಯಾಕ್ಟೀರಿಯಾಗಳ ಜೀನ್ ಭಂಡಾರದಲ್ಲಿ ಆರ್ಸ್ ಎಂಬ ಹೆಸರಿನ ಜೀನುಗಳ ಗುಂಪಿದೆ. ಕೆಲವು ಕಡೆ ವರ್ಣತಂತುವಿನಲ್ಲಿ, ಕೆಲವು ಕಡೆ ಕೋಶದಿಂದ ಕೋಶಕ್ಕೆ ದಾಟುವ ಪುಟ್ಟ ಡಿಎನ್ಎ ಉಂಗುರಗಳಾದ ಪ್ಲಾಸ್ಮಿಡ್‌ಗಳಲ್ಲಿ. ಅತಿ ಸರಳ ಗುಂಪಿನಲ್ಲಿ ಮೂರೇ ಜೀನುಗಳು. ಆರ್ಸ್‌ಆರ್ ಕಾವಲುಗಾರ ಪ್ರೋಟೀನು, ಆರ್ಸ್‌ಬಿ ಹೊರದೂಡುವ ಪಂಪು, ಆರ್ಸ್‌ಸಿ ಆರ್ಸೆನೇಟನ್ನು ಆರ್ಸೆನೈಟಾಗಿಸುವ ಕಿಣ್ವ. ಆರ್ಸ್‌ಆರ್ ಜೋಡಿಯಾಗಿ ಡಿಎನ್ಎಯ ಮೇಲೆ ಕೂತು ಉಳಿದ ಜೀನುಗಳನ್ನು ಮುಚ್ಚಿಟ್ಟಿರುತ್ತದೆ. ಇ. ಕೋಲಿಯ ಆರ್773 ಎಂಬ ಪ್ಲಾಸ್ಮಿಡ್ಡಿನ ಆರ್ಸ್‌ಆರ್‌ನಲ್ಲಿ, ಡಿಎನ್ಎಯನ್ನು ಹಿಡಿಯುವ ಸುರುಳಿಯ ಬುಡದಲ್ಲೇ, 32, 34 ಮತ್ತು 37ನೆಯ ಸ್ಥಾನಗಳಲ್ಲಿ ಸಿಸ್ಟೀನ್‌ಗಳಿವೆ. ಆರ್ಸೆನೈಟಿನ ಆರ್ಸೆನಿಕ್ ಪರಮಾಣು ಬಂದು ಈ ಮೂರು ಗಂಧಕಗಳನ್ನು ತನ್ನತ್ತ ಎಳೆದುಕೊಂಡಾಗ ಸುರುಳಿಯ ಆಕಾರ ಕೆಡುತ್ತದೆ, ಡಿಎನ್ಎಯ ಮೇಲಿನ ಹಿಡಿತ ಸಡಿಲವಾಗುತ್ತದೆ, ಕಾವಲುಗಾರ ಕಳಚಿಬೀಳುತ್ತದೆ, ಜೀನುಗಳು ತೆರೆದುಕೊಳ್ಳುತ್ತವೆ. ಗಮನಿಸಬೇಕಾದದ್ದು ಇದು: ಪೈರುವೇಟ್ ಡಿಹೈಡ್ರೋಜಿನೇಸನ್ನು ಕೊಲ್ಲುವ ರಾಸಾಯನಿಕ ಕ್ರಿಯೆಯೇ ಇಲ್ಲಿ ಎಚ್ಚರಿಕೆಯ ಗಂಟೆಯಾಗಿದೆ. ಗಣಿಯ ಆಮ್ಲೀಯ ನೀರಿನಲ್ಲಿ ಬಾಳುವ ಅಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ ಬ್ಯಾಕ್ಟೀರಿಯಾದ ಆರ್ಸ್‌ಆರ್‌ನಲ್ಲಿ ಸಿಸ್ಟೀನ್‌ಗಳ ತ್ರಿಕೂಟ ಸರಪಳಿಯ ಬೇರೊಂದೇ ಜಾಗದಲ್ಲಿದೆ. ಅಂದರೆ ಈ ಉಪಾಯ ವಿಕಾಸದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೊಳೆದಿದೆ. ಆರ್ಸ್‌ಆರ್ ಮತ್ತು ಅದರ ನಿಯಂತ್ರಣದಲ್ಲಿರುವ ಡಿಎನ್ಎ ತುಣುಕನ್ನು ಬೆಳಕು ಚೆಲ್ಲುವ ಅಥವಾ ಬಣ್ಣ ತರುವ ಜೀನಿಗೆ ಜೋಡಿಸಿ, ನೀರಿನಲ್ಲಿರುವ ಆರ್ಸೆನಿಕ್ಕನ್ನು ಪತ್ತೆಹಚ್ಚುವ ಜೈವಿಕ ಸಂವೇದಕಗಳನ್ನೂ ತಯಾರಿಸಲಾಗಿದೆ.

ಆರ್ಸ್‌ಸಿಯ ಕೆಲಸ ಮೊದಲ ನೋಟಕ್ಕೆ ಹುಚ್ಚುತನವೆನಿಸುತ್ತದೆ. ಆರ್ಸೆನೇಟಿಗಿಂತ ಆರ್ಸೆನೈಟ್ ಹೆಚ್ಚು ವಿಷಕಾರಿ. ಹಾಗಿರುವಾಗ ಗ್ಲುಟಾಥಯೋನ್ ಅಥವಾ ಥಯೋರೆಡಾಕ್ಸಿನ್‌ನಿಂದ ಎಲೆಕ್ಟ್ರಾನುಗಳನ್ನು ಖರ್ಚುಮಾಡಿ ಕಡಿಮೆ ವಿಷವನ್ನು ಹೆಚ್ಚು ವಿಷವಾಗಿಸುವುದೇಕೆ? ಹೊರದೂಡುವ ಪಂಪು ಆರ್ಸೆನೈಟನ್ನಷ್ಟೇ ಗುರುತಿಸುತ್ತದೆ ಎಂಬುದು ಉತ್ತರ. ಆರ್ಸೆನೇಟನ್ನೇ ಹೊರದೂಡುವ ಪಂಪು ಇದ್ದರೆ ಅದು ಫಾಸ್ಫೇಟನ್ನೂ ಕೈಬಿಡುವ ಅಪಾಯವಿತ್ತು. ಇನ್ನೂ ಹಿಂದಕ್ಕೆ ಹೋದರೆ ಇತಿಹಾಸದ ಕಾರಣವೂ ಕಾಣುತ್ತದೆ. ವಾತಾವರಣಕ್ಕೆ ಆಮ್ಲಜನಕ ಸೇರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಮುಂಚಿನ ಸಾಗರಗಳಲ್ಲಿ ಇದ್ದದ್ದು ಮುಖ್ಯವಾಗಿ ಆರ್ಸೆನೈಟ್. ಅದನ್ನು ಹೊರಹಾಕುವ ಪಂಪುಗಳು ಆಗಲೇ ಇದ್ದವು. ಆಮ್ಲಜನಕ ಬಂದು ಆರ್ಸೆನೇಟ್ ಹೆಚ್ಚಾದಾಗ ಹೊಸ ಪಂಪು ಕಟ್ಟುವುದಕ್ಕಿಂತ, ಹೊಸ ವಿಷವನ್ನು ಹಳೆಯ ಪಂಪಿಗೆ ಒಪ್ಪುವಂತೆ ತಿರುಚುವುದೇ ಸುಲಭವಾಗಿತ್ತೆಂದು ಭಾವಿಸಲು ಸಾಕಷ್ಟು ಆಧಾರವಿದೆ. ಆರ್ಸೆನೇಟನ್ನು ಅಪಕರ್ಷಿಸುವ (ಎಲೆಕ್ಟ್ರಾನು ಕೊಟ್ಟು ಆರ್ಸೆನೈಟಾಗಿಸುವ) ಕಿಣ್ವಗಳು ಕನಿಷ್ಠ ಮೂರು ಬೇರೆ ಬೇರೆ ಪ್ರೋಟೀನ್ ಕುಟುಂಬಗಳಿಂದ ಸ್ವತಂತ್ರವಾಗಿ ಹುಟ್ಟಿವೆ. ಅಂದರೆ ಆ ಒತ್ತಡ ಬಹಳ ಕಡೆ, ಬಹಳ ಸಲ ಬಂದಿದೆ.

ಪಂಪುಗಳ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಆರ್ಸ್‌ಬಿ ಪ್ರೋಟಾನನ್ನು ಒಳಬಿಟ್ಟು ಆರ್ಸೆನೈಟನ್ನು ಹೊರಬಿಡುತ್ತದೆ. ಆರ್ಸ್‌ಎ ಎಂಬ ಎಟಿಪಿ ಸುಡುವ ಜೊತೆಗಾರ ಸಿಕ್ಕರೆ ಅದರ ಬಲ ಹೆಚ್ಚುತ್ತದೆ. ಆರ್ಸ್‌ಡಿ ಎಂಬ ಪುಟ್ಟ ಪ್ರೋಟೀನು ಆರ್ಸೆನೈಟನ್ನು ಹಿಡಿದು ಆರ್ಸ್‌ಎಗೆ ಕೈದಾಟಿಸುತ್ತದೆ. ಎಸಿಆರ್3 ಎಂಬ ಬೇರೆ ಕುಟುಂಬದ ಪಂಪು ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಕೆಲವು ಸಸ್ಯಗಳಲ್ಲಿದೆ. ಟೆರಿಸ್ ವಿಟ್ಟಾಟ ಎಂಬ ಜರೀಗಿಡ ಇದನ್ನು ಬಳಸಿ ಆರ್ಸೆನೈಟನ್ನು ಕೋಶದ ಹೊರಗಲ್ಲ, ಕೋಶದೊಳಗಿನ ರಸಕುಹರಕ್ಕೆ ತಳ್ಳಿ ಕೂಡಿಡುತ್ತದೆ. ಅದರ ಎಲೆಗಳ ಒಣತೂಕದಲ್ಲಿ ಶೇ. 2ಕ್ಕೂ ಹೆಚ್ಚು ಆರ್ಸೆನಿಕ್ ಇರಬಹುದೆಂದು 2001ರಲ್ಲಿ ವರದಿಯಾಯಿತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಆತ್ಮರಕ್ಷಣೆ. ಆದರೆ ಕೆಲವು ಸೂಕ್ಷ್ಮಜೀವಿಗಳಿಗೆ ಆರ್ಸೆನಿಕ್ ಅನ್ನಕ್ಕೂ ಉಸಿರಿಗೂ ದಾರಿ. ನಾವು ಆಹಾರದಿಂದ ತೆಗೆದ ಎಲೆಕ್ಟ್ರಾನುಗಳನ್ನು ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತೇವೆ; ಆಮ್ಲಜನಕವಿಲ್ಲದ ಕೆಸರಿನಲ್ಲಿ ಆರ್ಸೆನೇಟಿಗೂ ಒಪ್ಪಿಸಬಹುದು. ಅಮೆರಿಕದ ಮ್ಯಾಸಚೂಸೆಟ್ಸಿನ ಕಲುಷಿತ ಕೆಸರಿನಿಂದ ಹೀಗೆ ಆರ್ಸೆನೇಟನ್ನು ಉಸಿರಾಡಿ ಬೆಳೆಯುವ ಬ್ಯಾಕ್ಟೀರಿಯಾ ಸಿಕ್ಕಿದ್ದು 1994ರಲ್ಲಿ ಪ್ರಕಟವಾಯಿತು. ಇದಕ್ಕೆ ಬೇಕಾದ ಎಆರ್‌ಆರ್ ಕಿಣ್ವದಲ್ಲಿ ಮಾಲಿಬ್ಡಿನಮ್ ಲೋಹವೂ ಕಬ್ಬಿಣ-ಗಂಧಕದ ಗುಚ್ಛಗಳೂ ಇವೆ. ಆರ್ಸ್‌ಸಿ ಮತ್ತು ಎಆರ್‌ಆರ್ ಎರಡೂ ಮಾಡುವ ರಾಸಾಯನಿಕ ಬದಲಾವಣೆ ಒಂದೇ, ಆದರೆ ಮೊದಲನೆಯದು ಕೋಶದ ಒಳಗೆ ಶಕ್ತಿ ಖರ್ಚುಮಾಡಿ ನಡೆಯುತ್ತದೆ, ಎರಡನೆಯದು ಒಳಪೊರೆಯ ಹೊರಬದಿಯಲ್ಲಿ ಶಕ್ತಿ ಗಳಿಸುತ್ತ ನಡೆಯುತ್ತದೆ. ಮೋನೋ ಸರೋವರದ ಉಪ್ಪು ಕ್ಷಾರದ ನೀರಿನಲ್ಲಿ ಲೀಟರಿಗೆ ಸುಮಾರು 15 ಮಿಲಿಗ್ರಾಂ ಆರ್ಸೆನಿಕ್ ಇದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂಥ ನೀರಿನಲ್ಲೂ ಇಂಥ ಉಸಿರಾಟ ಚುರುಕಾಗಿ ಸಾಗುತ್ತದೆ.

ಎದುರು ದಿಕ್ಕಿನ ವ್ಯಾಪಾರವೂ ಇದೆ. ದಕ್ಷಿಣ ಆಫ್ರಿಕಾದಲ್ಲಿ ಜಾನುವಾರುಗಳ ಮೈಯ ಉಣ್ಣಿಹುಳುಗಳನ್ನು ನಿವಾರಿಸಲು ಆರ್ಸೆನೈಟ್ ಬೆರೆಸಿದ ತೊಟ್ಟಿಗಳಲ್ಲಿ ಅವನ್ನು ಮುಳುಗಿಸುತ್ತಿದ್ದರು. ಆ ದ್ರವದಲ್ಲಿ ಆರ್ಸೆನೈಟನ್ನು ಆರ್ಸೆನೇಟಾಗಿಸುವ ಬ್ಯಾಕ್ಟೀರಿಯಾ ಇರುವುದನ್ನು ಗ್ರೀನ್ ಎಂಬ ವಿಜ್ಞಾನಿ 1918ರಲ್ಲೇ ವರದಿ ಮಾಡಿದರು. ಇದನ್ನು ಮಾಡುವ ಆರ್ಸೆನೈಟ್ ಆಕ್ಸಿಡೇಸ್ ಕಿಣ್ವದ ಹರಳು ರಚನೆ 2001ರಲ್ಲಿ ಬಯಲಾಯಿತು. ಅದರಲ್ಲೂ ಮಾಲಿಬ್ಡಿನಮ್ ಇದೆ. ಆಸ್ಟ್ರೇಲಿಯಾದ ಚಿನ್ನದ ಗಣಿಯಿಂದ ದೊರೆತ ಎನ್‌ಟಿ-26 ಎಂಬ ಬ್ಯಾಕ್ಟೀರಿಯಾ ಆರ್ಸೆನೈಟಿನಿಂದ ಎಲೆಕ್ಟ್ರಾನು ಪಡೆದು, ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ತನ್ನ ಮೈಕಟ್ಟಿಕೊಳ್ಳುತ್ತದೆ. 2008ರಲ್ಲಿ ಬಂದ ಸುದ್ದಿ ಇದಕ್ಕಿಂತ ಸೋಜಿಗದ್ದು: ಮೋನೋ ಸರೋವರದ ನಡುವಿನ ದ್ವೀಪದ ಬಿಸಿನೀರಿನ ಬುಗ್ಗೆಗಳಲ್ಲಿ ಕೆಂಬಣ್ಣದ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದೆ, ಬೆಳಕಿನ ನೆರವಿನಿಂದ, ನೀರಿನ ಬದಲು ಆರ್ಸೆನೈಟಿನ ಎಲೆಕ್ಟ್ರಾನುಗಳನ್ನು ಬಳಸಿ ದ್ಯುತಿಸಂಶ್ಲೇಷಣೆ ನಡೆಸುತ್ತಿದ್ದವು. ಹಾಗಾದರೆ ಆಮ್ಲಜನಕ ಬರುವ ಮೊದಲೂ ಭೂಮಿಯ ಮೇಲೆ ಕೆಲವೆಡೆ ಆರ್ಸೆನೇಟ್ ಇದ್ದಿರಬಹುದಲ್ಲ ಎಂದು ನೀವು ಕೇಳಬಹುದು. ತುಸು ಹೊತ್ತಿನ ಹಿಂದೆ ನಾನು ಹೇಳಿದ ಪಂಪಿನ ಇತಿಹಾಸಕ್ಕೆ ಈ ಸಾಧ್ಯತೆ ಒಂದಿಷ್ಟು ತಿದ್ದುಪಡಿ ಬೇಡುತ್ತದೆ ಎಂಬುದನ್ನು ಒಪ್ಪಬೇಕು.

ಈ ಉಸಿರಾಟಗಳ ಪರಿಣಾಮ ಪ್ರಯೋಗಶಾಲೆಗೆ ಸೀಮಿತವಲ್ಲ. ಗಂಗಾ–ಬ್ರಹ್ಮಪುತ್ರಾ ಮುಖಜಭೂಮಿಯಲ್ಲಿ, ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶದ ಕೊಳವೆಬಾವಿಗಳ ನೀರಿನಲ್ಲಿ, ಆರ್ಸೆನಿಕ್ ಬಂದದ್ದು ಕಾರ್ಖಾನೆಗಳಿಂದಲ್ಲ. ಹಿಮಾಲಯದಿಂದ ಹರಿದುಬಂದ ಮೆಕ್ಕಲುಮಣ್ಣಿನ ಕಣಗಳಿಗೆ ಕಬ್ಬಿಣದ ಆಕ್ಸೈಡಿನ ಲೇಪವಿದೆ, ಆ ಲೇಪಕ್ಕೆ ಆರ್ಸೆನಿಕ್ ಅಂಟಿಕೊಂಡಿದೆ. ಸಾವಯವ ಪದಾರ್ಥದೊಂದಿಗೆ ಹೂತುಹೋದ ಈ ಮಣ್ಣಿನಲ್ಲಿ ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ಕಬ್ಬಿಣವನ್ನೇ ಉಸಿರಾಡತೊಡಗುತ್ತವೆ. ಲೇಪ ಕರಗುತ್ತದೆ, ಹಿಡಿದಿಟ್ಟದ್ದು ಬಿಡುಗಡೆಯಾಗುತ್ತದೆ. ಮ್ಯಾಂಚೆಸ್ಟರಿನ ಸಂಶೋಧಕರೂ ಅವರ ಸಹೋದ್ಯೋಗಿಗಳೂ ಪಶ್ಚಿಮ ಬಂಗಾಳದ ಮಣ್ಣನ್ನು ಗಾಳಿಯಿಲ್ಲದ ಸೀಸೆಗಳಲ್ಲಿಟ್ಟು ಅಸಿಟೇಟ್ ಉಣಿಸಿದಾಗ, ಮೊದಲು ಕಬ್ಬಿಣ ಅಪಕರ್ಷಣಗೊಂಡಿತು, ಆರ್ಸೆನಿಕ್ ನೀರಿಗೆ ಬಂದದ್ದು ಅದರ ನಂತರ. 2004ರಲ್ಲಿ ಪ್ರಕಟವಾದ ಈ ಪ್ರಯೋಗದ ಮಹತ್ವವಿರುವುದೇ ಈ ಅನುಕ್ರಮದಲ್ಲಿ: ಅಷ್ಟೊಂದು ಜನರ ನೀರನ್ನು ಕೆಡಿಸಿದ ಪ್ರಕ್ರಿಯೆಯ ಹಿಂದೆ ಕಣ್ಣಿಗೆ ಕಾಣದ ಜೀವಿಗಳ ದಿನನಿತ್ಯದ ಜೀವನೋಪಾಯವಿದೆ.

ಇನ್ನುಳಿದದ್ದು ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಜಲಜನಕ) ಸೇರಿಸುವ ಹಾದಿ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಮನೆಗಳ ಗೋಡೆಕಾಗದಗಳಿಗೆ ತಾಮ್ರದ ಆರ್ಸೆನೈಟಿನ ಹಸಿರು ಬಣ್ಣ ಬಳಸುತ್ತಿದ್ದರು. ತೇವದ ಕೋಣೆಗಳಲ್ಲಿ ಬೆಳ್ಳುಳ್ಳಿಯಂಥ ವಾಸನೆ ಹರಡುತ್ತಿತ್ತು, ಜನ ಕಾಯಿಲೆ ಬೀಳುತ್ತಿದ್ದರು. ಇಟಲಿಯ ಬಾರ್ತೊಲೊಮಿಯೊ ಗೋಸಿಯೊ 1890ರ ದಶಕದಲ್ಲಿ ಈ ಅನಿಲವನ್ನು ಬೂಷ್ಟು ತಯಾರಿಸುತ್ತದೆ ಎಂದು ತೋರಿಸಿದರು. ಅದು ಟ್ರೈಮೀಥೈಲ್ ಆರ್ಸೀನ್ ಎಂದು ಲೀಡ್ಸಿನ ಫ್ರೆಡೆರಿಕ್ ಚಾಲೆಂಜರ್ 1930ರ ದಶಕದಲ್ಲಿ ಗುರುತಿಸಿದರು. ಆ ಅನಿಲವೇ ಜನರನ್ನು ಕೊಂದಿತು ಎಂಬ ನಂಬಿಕೆಯನ್ನು ಈಚಿನ ವಿಮರ್ಶಕರು ಒಪ್ಪುವುದಿಲ್ಲ, ಏಕೆಂದರೆ ಟ್ರೈಮೀಥೈಲ್ ಆರ್ಸೀನಿನ ವಿಷತ್ವ ಹೆಚ್ಚೇನಲ್ಲ. ಚಾಲೆಂಜರ್ ಸೂಚಿಸಿದ ಹಾದಿ ಮಾತ್ರ ಉಳಿಯಿತು: ಒಂದೊಂದಾಗಿ ಮೀಥೈಲ್ ಗುಂಪುಗಳು ಸೇರುತ್ತವೆ, ಆ ಗುಂಪುಗಳನ್ನು ಕೊಡುವುದು ಎಸ್-ಅಡಿನೋಸಿಲ್ ಮೆಥಿಯೋನಿನ್. ಬ್ಯಾಕ್ಟೀರಿಯಾಗಳಲ್ಲಿ ಈ ಕೆಲಸ ಮಾಡುವ ಆರ್ಸ್‌ಎಂ ಕಿಣ್ವವನ್ನು 2006ರಲ್ಲಿ ವಿವರಿಸಲಾಯಿತು. ಅದರ ಬಂಧು ಎಎಸ್3ಎಂಟಿ ನಮ್ಮ ಯಕೃತ್ತಿನಲ್ಲೂ ಇದೆ. ಆರ್ಸೆನಿಕ್‌ಯುಕ್ತ ನೀರು ಕುಡಿಯುವವರ ಮೂತ್ರದಲ್ಲಿ ಸಾಮಾನ್ಯವಾಗಿ ಶೇ. 60ರಿಂದ 80ರಷ್ಟು ಎರಡು ಮೀಥೈಲ್‌ಗಳ ರೂಪ, ಶೇ. 10ರಿಂದ 20ರಷ್ಟು ಒಂದು ಮೀಥೈಲಿನ ರೂಪ ಇರುತ್ತದೆ.

ಬಹುಕಾಲ ಇದನ್ನು ನಿರ್ವಿಷೀಕರಣವೆಂದೇ ಪಾಠ ಹೇಳಲಾಗುತ್ತಿತ್ತು. ಮೀಥೈಲ್ ಸೇರಿದ ಐದರ ವೇಲೆನ್ಸಿಯ (ಆರ್ಸೆನೇಟಿನಂತೆ ಐದು ಎಲೆಕ್ಟ್ರಾನು ಬಿಟ್ಟುಕೊಟ್ಟ) ರೂಪಗಳನ್ನಷ್ಟೇ ನೋಡಿದರೆ ಅದು ಸರಿಯೂ ಹೌದು. ಆದರೆ ಹಾದಿಯ ನಡುವೆ ಹುಟ್ಟುವ, ಮೂರರ ವೇಲೆನ್ಸಿಯ ಏಕಮೀಥೈಲ್ ಆರ್ಸೆನೈಟ್, ಮೂಲ ಆರ್ಸೆನೈಟಿಗಿಂತಲೂ ಉಗ್ರವಾದದ್ದು ಎಂದು 2000ದ ಸುಮಾರಿಗೆ ಮಾನವ ಯಕೃತ್ ಕೋಶಗಳ ಮೇಲಿನ ಪ್ರಯೋಗಗಳಿಂದ ಗೊತ್ತಾಯಿತು. ಮೂತ್ರದಲ್ಲಿ ಏಕಮೀಥೈಲ್ ರೂಪದ ಪಾಲು ಹೆಚ್ಚಿದ್ದವರಲ್ಲಿ ಚರ್ಮದ ಗಾಯಗಳೂ ಕೆಲವು ಕ್ಯಾನ್ಸರುಗಳೂ ಹೆಚ್ಚೆಂಬುದು ಇದಕ್ಕೆ ಹೊಂದುತ್ತದೆ. ಅರ್ಜೆಂಟೀನಾದ ಆಂಡೀಸ್ ಎತ್ತರದ ಸ್ಯಾನ್ ಆಂಟೋನಿಯೊ ಡೆ ಲೊಸ್ ಕೋಬ್ರೆಸ್ ಊರಿನ ಜನರಲ್ಲಿ ಏಕಮೀಥೈಲ್ ರೂಪ ಬಹಳ ಕಡಿಮೆ. ಆರ್ಸೆನಿಕ್‌ಯುಕ್ತ ನೀರು ಕುಡಿಯುತ್ತ ಬಂದ ಆ ಜನಸಮುದಾಯದಲ್ಲಿ ಎಎಸ್3ಎಂಟಿ ಜೀನಿನ ಸುತ್ತ ನೈಸರ್ಗಿಕ ಆಯ್ಕೆಯ ಗುರುತು 2015ರಲ್ಲಿ ಕಂಡುಬಂತು. ಮೀಥೈಲೀಕರಣ ಇಲ್ಲದೆ ಬದುಕೇ ಇಲ್ಲವೆಂದೂ ಹೇಳುವಂತಿಲ್ಲ: ಚಿಂಪಾಂಜಿಗಳು ಆರ್ಸೆನಿಕ್ಕಿಗೆ ಮೀಥೈಲ್ ಸೇರಿಸುವುದೇ ಇಲ್ಲ. ಇಲಿಗಳಾದರೋ ಎರಡು ಮೀಥೈಲ್‌ಗಳ ರೂಪವನ್ನು ತಮ್ಮ ಹಿಮೋಗ್ಲೋಬಿನ್ನಿನ ಸಿಸ್ಟೀನಿಗೆ ಅಂಟಿಸಿಕೊಂಡು ರಕ್ತದಲ್ಲೇ ಇಟ್ಟುಕೊಳ್ಳುತ್ತವೆ. ಪ್ರಾಣಿಪ್ರಯೋಗಗಳ ಫಲವನ್ನು ಮನುಷ್ಯನಿಗೆ ಅನ್ವಯಿಸುವಾಗ ಕೈ ಬಿಗಿಹಿಡಿಯಬೇಕಾದದ್ದು ಇದರಿಂದಲೇ.

ಹಾಗಾದರೆ ಬ್ಯಾಕ್ಟೀರಿಯಾ ಆರ್ಸೆನೈಟಿಗಿಂತ ಉಗ್ರವಾದ ವಿಷವನ್ನು ತಯಾರಿಸುವುದೇಕೆ? ಸೂಕ್ಷ್ಮಜೀವಿಗಳ ಆರ್ಸೆನಿಕ್ ಸಹಿಷ್ಣುತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಬ್ಯಾರಿ ರೋಸೆನ್ ಮತ್ತು ಸಂಗಡಿಗರು ಕೊಟ್ಟ ವಿವರಣೆ ನನಗೆ ಮನವರಿಕೆಯಾಗುವಂಥದ್ದು: ಆಮ್ಲಜನಕವಿಲ್ಲದ ಪ್ರಾಚೀನ ಲೋಕದಲ್ಲಿ ಏಕಮೀಥೈಲ್ ಆರ್ಸೆನೈಟ್ ಎದುರಾಳಿಗಳ ಮೇಲೆ ಪ್ರಯೋಗಿಸುವ ಆಯುಧವಾಗಿತ್ತು. ಆಮ್ಲಜನಕ ಬಂದ ಮೇಲೆ ಅದು ಗಾಳಿಯಲ್ಲಿ ಉತ್ಕರ್ಷಣಗೊಂಡು, ಅಂದರೆ ಎಲೆಕ್ಟ್ರಾನು ಕಳೆದುಕೊಂಡು, ಸಪ್ಪೆಯಾಗತೊಡಗಿತು. ಇಂದಿಗೂ ಅದರ ವಿರುದ್ಧದ ಗುರಾಣಿಗಳು ಬ್ಯಾಕ್ಟೀರಿಯಾಗಳಲ್ಲಿ ಉಳಿದಿವೆ. ಆರ್ಸ್‌ಪಿ ಅದನ್ನು ಹೊರದೂಡುತ್ತದೆ, ಆರ್ಸ್‌ಎಚ್ ಉತ್ಕರ್ಷಿಸುತ್ತದೆ, 2014ರಲ್ಲಿ ವಿವರಿಸಲಾದ ಆರ್ಸ್‌ಐ ಇಂಗಾಲ-ಆರ್ಸೆನಿಕ್ ಬಂಧವನ್ನೇ ಕತ್ತರಿಸುತ್ತದೆ. ಈ ಜಗಳ ಹಳೆಯದಾಗಿ ಮುಗಿದಿಲ್ಲ ಎಂಬುದಕ್ಕೆ ಆರ್ಸಿನೋಥ್ರಿಸಿನ್ ಸಾಕ್ಷಿ. ಭತ್ತದ ಬೇರಿನ ಸುತ್ತಲಿನ ಮಣ್ಣಿನ ಬರ್ಕ್‌ಹೋಲ್ಡೇರಿಯಾ ಗ್ಲಾಡಿಯೋಲಿ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಈ ಆರ್ಸೆನಿಕ್‌ಯುಕ್ತ ಪ್ರತಿಜೀವಕವು ಗ್ಲುಟಾಮೇಟಿನ ರೂಪವನ್ನು ಅನುಕರಿಸಿ ಗ್ಲುಟಾಮಿನ್ ಸಿಂಥೆಟೇಸ್ ಕಿಣ್ವವನ್ನು ನಿಲ್ಲಿಸುತ್ತದೆ. ಅನೇಕ ರೋಗಕಾರಕ ಬ್ಯಾಕ್ಟೀರಿಯಾಗಳ ಮೇಲೆ ಅದು ಪರಿಣಾಮಕಾರಿ ಎಂದು 2019ರಲ್ಲಿ ವರದಿಯಾಗಿದೆ. ಅದಕ್ಕೂ ಒಂದು ನಿರೋಧಕ ಕಿಣ್ವ ಪ್ರಕೃತಿಯಲ್ಲಿ ಆಗಲೇ ಇದೆ.

ಇಂಥ ಉಪನ್ಯಾಸಗಳ ಕೊನೆಯಲ್ಲಿ ತಪ್ಪದೆ ಬರುವ ಪ್ರಶ್ನೆ, ಈ ಜೀವಿಗಳಿಂದ ನೀರನ್ನು ಶುದ್ಧಮಾಡಬಹುದೇ ಎಂಬುದು. ಒಂದು ಮಟ್ಟಿಗೆ ಹೌದು. ಆವೇಶವಿಲ್ಲದ ಆರ್ಸೆನೈಟ್ ಶೋಧಕಗಳಿಗೆ ಸರಿಯಾಗಿ ಅಂಟುವುದಿಲ್ಲ; ಅದನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಾಗಳ ಪದರದ ಮೂಲಕ ನೀರನ್ನು ಹಾಯಿಸಿದರೆ ಆರ್ಸೆನೇಟಾಗಿ ಕಬ್ಬಿಣದ ಆಕ್ಸೈಡಿಗೆ ಕಚ್ಚಿಕೊಳ್ಳುತ್ತದೆ. ತೊಡಕು ಶುರುವಾಗುವುದು ಬಳಸಿ ಮುಗಿದ ಆ ಕಬ್ಬಿಣವನ್ನು ಎಲ್ಲಿ ಹಾಕಬೇಕೆಂಬಲ್ಲಿ. ಕೊಳೆಯುವ ಕಸದ ಜೊತೆ ಗುಂಡಿಯಲ್ಲಿ ಹೂತರೆ ಅಲ್ಲಿ ಆಮ್ಲಜನಕ ಮುಗಿಯುತ್ತದೆ, ಕಬ್ಬಿಣ ಉಸಿರಾಡುವ ಬ್ಯಾಕ್ಟೀರಿಯಾಗಳೂ ಆರ್ಸೆನೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳೂ ಕೆಲಸಕ್ಕಿಳಿಯುತ್ತವೆ, ಆರ್ಸೆನೈಟ್ ಮತ್ತೆ ನೀರಿಗೆ ಬರುತ್ತದೆ. ಗಾಳಿಯಾಡುವ ಸ್ಥಿತಿಯಲ್ಲಿ ಮಾಡುವ ಸೋರಿಕೆ ಪರೀಕ್ಷೆಯಲ್ಲಿ ಇಂಥ ತ್ಯಾಜ್ಯ ಸುಲಭವಾಗಿ ಪಾಸಾಗುತ್ತದೆ. ಅದನ್ನು ನಿಜವಾಗಿ ಪರೀಕ್ಷಿಸಬೇಕಾದದ್ದು ಆಮ್ಲಜನಕವಿಲ್ಲದ, ಸಾವಯವ ಆಹಾರವಿರುವ, ಬ್ಯಾಕ್ಟೀರಿಯಾಗಳಿರುವ ಸ್ಥಿತಿಯಲ್ಲಿ. ಶುದ್ಧೀಕರಣ ಘಟಕದ ಯೋಜನೆ ಬರೆಯುವವರು ಶೋಧಕದ ಸಾಮರ್ಥ್ಯದ ಲೆಕ್ಕದ ಜೊತೆಯಲ್ಲೇ ಈ ಪರೀಕ್ಷೆಯನ್ನೂ ಸೇರಿಸಬೇಕು.